ರಕ್ತಕ್ಕೆ ನಾಲಿಗೆಯಿಲ್ಲ: ಅರಬ್ಬರ ಮೂಲ ಕುರಿತ ವಾದಗಳಿಗೆ ಪ್ರತ್ಯುತ್ತರ

ಅರಬ್ಬರ ಮೂಲದ ಜಗಳದಲ್ಲಿ ಎರಡು ಪಕ್ಷಗಳಿವೆ. ಮೊದಲನೆಯದು ಏಕರಕ್ತದ ಪಕ್ಷ. ಇದರ ಪ್ರಕಾರ ಬಾಗ್ದಾದಿನಿಂದ ರಬಾತ್‌ವರೆಗೆ ಅರಬ್ಬಿ ಆಡುವವರೆಲ್ಲ ಅರೇಬಿಯಾದ ಮರುಭೂಮಿಯಿಂದ ಹೊರಟ ಒಂದೇ ವಂಶದವರು; ಅವರಿಗಿಂತ ಮೊದಲು ಆ ನಾಡುಗಳಲ್ಲಿ ಬಾಳಿದ ಅಕ್ಕಾಡಿಯನ್ನರೂ ಕಾನಾನ್ಯರೂ ಅರಾಮಿಯರೂ ಅದೇ ವಂಶದವರು. ಎರಡನೆಯದು ಭಿನ್ನರಕ್ತದ ಪಕ್ಷ. ಲೆಬನಾನಿನವರು ಫಿನೀಷಿಯನ್ನರು, ಈಜಿಪ್ಟಿನವರು ಫೇರೋಗಳ ಮಕ್ಕಳು, ಅರಬ್ಬಿ ಅವರ ಮೇಲೆ ಹೇರಿದ ಭಾಷೆ, ಇದನ್ನೆಲ್ಲ ಡಿಎನ್‌ಎ ಸಾಬೀತು ಮಾಡಿದೆ ಎನ್ನುವುದು ಇದರ ಮಾತು. ಇಬ್ಬರೂ ಬದ್ಧವೈರಿಗಳು. ಆದರೂ ಇಬ್ಬರೂ ಕಾಲೂರಿರುವ ನೆಲ ಒಂದೇ: ಭಾಷೆ ಹೋದ ದಾರಿಯಲ್ಲೇ ರಕ್ತವೂ ಹೋಗುತ್ತದೆ ಎಂಬ ನಂಬಿಕೆ. ಆ ನೆಲ ಟೊಳ್ಳು ಎನ್ನುವುದು ನನ್ನ ವಾದ. ಪೂರ್ವಪಕ್ಷವನ್ನು ಎದುರಾಳಿಯೇ ತಲೆದೂಗುವಂತೆ ಮಂಡಿಸಿ ಆಮೇಲೆ ಖಂಡಿಸಬೇಕೆಂಬುದು ನಮ್ಮ ಶಾಸ್ತ್ರಕಾರರ ಕ್ರಮ. ಅದನ್ನೇ ಪಾಲಿಸುತ್ತೇನೆ. ತೀರ್ಪು ಓದುಗರದು.

ಮೊದಲನೆಯ ವಾದ: ಅರಬ್ಬರು, ಯೆಹೂದಿಗಳು, ಅರಾಮಿಯರು ಎಲ್ಲರೂ ನೋಹನ ಮಗ ಶೇಮ್‌ನ ಸಂತಾನ, ಸೆಮಿಟಿಕ್ ಭಾಷೆಗಳ ನಂಟು ಈ ರಕ್ತಸಂಬಂಧಕ್ಕೆ ಸಾಕ್ಷಿ. 1781ರಲ್ಲಿ ಜರ್ಮನ್ ವಿದ್ವಾಂಸ ಶ್ಲೋಟ್ಸರ್ ಈ ಭಾಷೆಗಳಿಗೆ ಶೇಮ್‌ನ ಹೆಸರಿಟ್ಟದ್ದು ನಿಜ. ಹಾಗಾದರೆ ಆ ವಂಶಾವಳಿ ಇರುವ ಆದಿಕಾಂಡದ ಹತ್ತನೆಯ ಅಧ್ಯಾಯವನ್ನೇ ತೆರೆಯೋಣ. ಕಾನಾನ್ ಅಲ್ಲಿ ಶೇಮ್‌ನ ಮಗನಲ್ಲ, ಹಾಮ್‌ನ ಮಗ. ಕಾನಾನ್ಯರ ಭಾಷೆಯಾದರೋ ಹೀಬ್ರೂವಿನ ಒಡಹುಟ್ಟು, ಶುದ್ಧ ಸೆಮಿಟಿಕ್. ಏಲಾಮ್ ಅಲ್ಲಿ ಶೇಮ್‌ನ ಮಗ. ಏಲಾಮ್ಯರ ಭಾಷೆಗೂ ಸೆಮಿಟಿಕ್‌ಗೂ ಯಾವ ನಂಟೂ ಇಲ್ಲ. ಯೆಮೆನಿನ ಶೆಬಾ ಅದೇ ಅಧ್ಯಾಯದಲ್ಲಿ ಒಮ್ಮೆ ಹಾಮ್‌ನ ಸಂತತಿಯಲ್ಲಿ, ಇನ್ನೊಮ್ಮೆ ಶೇಮ್‌ನ ಸಂತತಿಯಲ್ಲಿ ಬರುತ್ತಾನೆ. ಇಪ್ಪತ್ತೈದನೆಯ ಅಧ್ಯಾಯಕ್ಕೆ ಬಂದರೆ ಅಬ್ರಹಾಮನ ಮೊಮ್ಮಗನಾಗಿ ಮತ್ತೆ ಹುಟ್ಟುತ್ತಾನೆ. ಮೂರು ಮನೆಯಲ್ಲಿ ಹುಟ್ಟಿದವನನ್ನು ವಂಶಶುದ್ಧಿಗೆ ಸಾಕ್ಷಿಯಾಗಿ ಕರೆಯುವ ವಕೀಲರ ಧೈರ್ಯಕ್ಕೆ ಮೆಚ್ಚಬೇಕು. ಆ ವಂಶಾವಳಿ ಅಂದಿನ ರಾಜಕೀಯ ನೆರೆಹೊರೆಯ ಪಟ್ಟಿ. ಅದರಿಂದ ಭಾಷಾಕುಟುಂಬವನ್ನೂ ತೆಗೆಯಲಾಗದು, ರಕ್ತಸಂಬಂಧವನ್ನೂ ತೆಗೆಯಲಾಗದು.

ಎರಡನೆಯ ವಾದ: ಅರಬ್ಬಿ ಉಳಿದ ಸೆಮಿಟಿಕ್ ಭಾಷೆಗಳಿಗಿಂತ ಹೆಚ್ಚು ಹಳೆಯ ರೂಪಗಳನ್ನು ಕಾಪಾಡಿಕೊಂಡಿದೆ, ಆದ್ದರಿಂದ ಅದೇ ತಾಯಿ, ಉಳಿದವು ಮಕ್ಕಳು. ಮೊದಲರ್ಧದಲ್ಲಿ ಸತ್ಯವಿದೆ. ವಿಭಕ್ತಿ ಪ್ರತ್ಯಯಗಳನ್ನೂ ಹಲವು ಹಳೆಯ ವ್ಯಂಜನಗಳನ್ನೂ ಅರಬ್ಬಿ ಉಳಿಸಿಕೊಂಡಿದೆ. ಆದರೆ ಮೂರು ವಿಭಕ್ತಿಗಳು ಅಕ್ಕಾಡಿಯನ್‌ನಲ್ಲೂ ಇದ್ದವು, ಉಗರಿಟಿಕ್‌ನಲ್ಲೂ ಇದ್ದವು. ಮೂಲ ಸೆಮಿಟಿಕ್‌ನ ‘ಪ’ ಧ್ವನಿಯನ್ನು ಅಕ್ಕಾಡಿಯನ್, ಹೀಬ್ರೂಗಳು ಉಳಿಸಿಕೊಂಡವು. ಅರಬ್ಬಿಯಲ್ಲಿ ಅದು ‘ಫ’ ಆಯಿತು. ‘ಪಾಲು’ ‘ಹಾಲು’ ಆದ ಭಾಷೆಯನ್ನಾಡುವ ನಮಗೆ ಇಂಥ ಬದಲಾವಣೆ ಯಾವ ದಿಕ್ಕಿಗೆ ನಡೆಯುತ್ತದೆ ಎಂದು ಹೇಳಿಕೊಡಬೇಕಿಲ್ಲ. ಅರಬ್ಬಿಯೇ ತಾಯಿಯಾಗಿದ್ದರೆ ಮಕ್ಕಳೆಲ್ಲ ಕೂಡಿಕೊಂಡು ‘ಫ’ವನ್ನು ಮತ್ತೆ ‘ಪ’ಕ್ಕೆ ತಿರುಗಿಸಿರಬೇಕು. ಅರಬ್ಬಿಯ ‘ಅಲ್’ ಎಂಬ ನಿರ್ದೇಶಕವಂತೂ ಅಕ್ಕಾಡಿಯನ್‌ನಲ್ಲಿ ಇಲ್ಲವೇ ಇಲ್ಲ. 1970ರ ದಶಕದಲ್ಲಿ ಭಾಷಾವಿಜ್ಞಾನಿ ರಾಬರ್ಟ್ ಹೆಟ್ಸ್‌ರಾನ್ ಕ್ರಿಯಾಪದಗಳಲ್ಲಾದ ಹೊಸ ಬೆಳವಣಿಗೆಗಳನ್ನು ಹಿಡಿದು ಅರಬ್ಬಿಯನ್ನು ಹೀಬ್ರೂ, ಅರಾಮಿಕ್‌ಗಳ ಜೊತೆಗೆ ‘ಮಧ್ಯ ಸೆಮಿಟಿಕ್’ ಗುಂಪಿನಲ್ಲಿ ಕೂರಿಸಿದರು. ಅಲ್ಲಿ ಅದರ ಸ್ಥಾನ ಸೋದರಿಯದು. ಹಳೆಯದನ್ನು ಜೋಪಾನ ಮಾಡಿದ ಮಾತ್ರಕ್ಕೆ ತಂಗಿ ತಾಯಿಯಾಗುವುದಿಲ್ಲ.

ಮೂರನೆಯ ವಾದ: ಮರುಭೂಮಿಯಿಂದ ಅಲೆಗಳು. ಸಾವಿರ ವರ್ಷಕ್ಕೊಮ್ಮೆ ಅರೇಬಿಯಾ ತುಂಬಿ ತುಳುಕಿ ಮೊದಲು ಅಕ್ಕಾಡಿಯನ್ನರು, ಆಮೇಲೆ ಅಮೋರಿಯರು, ಕಾನಾನ್ಯರು, ಅರಾಮಿಯರು, ಕೊನೆಗೆ ಮುಸ್ಲಿಂ ಸೇನೆಗಳು ಹೊರಟವಂತೆ. ಹ್ಯೂಗೊ ವಿಂಕ್ಲರ್ ಮುಂತಾದ ಯುರೋಪಿನ ವಿದ್ವಾಂಸರು ಕಟ್ಟಿದ, ಫಿಲಿಪ್ ಹಿಟ್ಟಿ 1937ರ ತಮ್ಮ ಅರಬ್ಬರ ಇತಿಹಾಸದ ಮೂಲಕ ಜನಪ್ರಿಯಗೊಳಿಸಿದ ಈ ಸಿದ್ಧಾಂತವನ್ನು ರಾಷ್ಟ್ರೀಯವಾದಿಗಳು ಕಣ್ಣಿಗೊತ್ತಿಕೊಂಡರು. ಈಗ ಕಾಲಗಣನೆ ನೋಡಿ. ಅಕ್ಕಾಡಿಯನ್ ಮತ್ತು ಸಿರಿಯಾದ ಎಬ್ಲಾ ಭಾಷೆಯ ಬರಹಗಳು ಕ್ರಿ.ಪೂ. ಮೂರನೆಯ ಸಹಸ್ರಮಾನದವು. ಅರಬ್ಬರ ಹೆಸರು ದಾಖಲೆಯಲ್ಲಿ ಮೊದಲು ಕಾಣುವುದು ಕ್ರಿ.ಪೂ. 853ರ ಕರ್ಕರ್ ಕದನದ ವೃತ್ತಾಂತದಲ್ಲಿ. ಅಸ್ಸೀರಿಯಾದ ದೊರೆ ಮೂರನೆಯ ಶಲ್ಮನೇಸರನ ಎದುರು 1,000 ಒಂಟೆಗಳೊಂದಿಗೆ ನಿಂತ ಗಿಂದಿಬು ಎಂಬ ಅರಬ್. ನಡುವೆ ಸಾವಿರದೈನೂರು ವರ್ಷಕ್ಕೂ ಹೆಚ್ಚಿನ ಅಂತರವಿದೆ. ಒಂಟೆ ಸಾಕುಪ್ರಾಣಿಯಾಗಿ ಹರಡಿದ್ದೇ ಕ್ರಿ.ಪೂ. ಎರಡನೆಯ ಸಹಸ್ರಮಾನದ ಕೊನೆಯ ಹೊತ್ತಿಗೆ. ಒಂಟೆಯಿಲ್ಲದೆ ನಡುಮರುಭೂಮಿಯಲ್ಲಿ ಇಡೀ ಜನಾಂಗಗಳು ತುಂಬಿ ತುಳುಕಿದ್ದು ಯಾವ ನೀರು ಕುಡಿದು?

ತಳಿವಿಜ್ಞಾನವಾದರೂ ಅಲೆಯ ಸಿದ್ಧಾಂತವನ್ನು ಕಾಪಾಡುತ್ತದೆಯೆ? 2021ರಲ್ಲಿ ‘ಸೆಲ್’ ಪತ್ರಿಕೆಯಲ್ಲಿ ಬಂದ ಅಧ್ಯಯನ ಮಧ್ಯಪ್ರಾಚ್ಯದ ಎಂಟು ಸಮುದಾಯಗಳ 137 ಜನರ ಪೂರ್ಣ ಜೀನೋಮ್‌ಗಳನ್ನು ಓದಿತು. ಅರೇಬಿಯಾದವರಲ್ಲಿ ಶಿಲಾಯುಗದ ಕೊನೆಯ ನಟೂಫಿಯನ್ ಬೇಟೆಗಾರರನ್ನು ಹೋಲುವ ಅಂಶ ಹೆಚ್ಚು. ಲೆವಾಂಟಿನವರಲ್ಲಿ, ಅಂದರೆ ಸಿರಿಯಾ, ಲೆಬನಾನ್, ಪ್ಯಾಲೆಸ್ಟೈನ್ ಕಡೆಯವರಲ್ಲಿ, ಅನಟೋಲಿಯಾ ಮತ್ತು ಯುರೋಪಿನ ಕಡೆಯ ಅಂಶ ಹೆಚ್ಚು. ಒಂದೇ ಕೊಳದಿಂದ ಪದೇಪದೇ ಅಲೆ ಬಂದಿದ್ದರೆ ಈ ವ್ಯತ್ಯಾಸ ಉಳಿಯುತ್ತಿರಲಿಲ್ಲ. ಕಂಚಿನ ಯುಗದಲ್ಲಿ ಲೆವಾಂಟಿನಿಂದಲೇ ಅರೇಬಿಯಾದ ಕಡೆಗೆ, ಪೂರ್ವ ಆಫ್ರಿಕದ ಕಡೆಗೆ ಒಂದು ಹರಿವು ಇತ್ತು, ಸೆಮಿಟಿಕ್ ಭಾಷೆಗಳು ಹರಡಿದ್ದೂ ಅದರೊಂದಿಗೇ ಇರಬಹುದು ಎಂದು ಆ ಲೇಖಕರು ಸೂಚಿಸುತ್ತಾರೆ. 2009ರಲ್ಲಿ ಶಬ್ದಪಟ್ಟಿಗಳ ಗಣಿತ ಮಾಡಿದ ಇನ್ನೊಂದು ತಂಡ ಮೂಲ ಸೆಮಿಟಿಕ್ ಸುಮಾರು 5,750 ವರ್ಷಗಳ ಹಿಂದೆ ಲೆವಾಂಟಿನಲ್ಲಿತ್ತು ಎಂದಿತು. ಇವು ಅಂದಾಜುಗಳು, ವಾದಕ್ಕೆ ತೆರೆದವು. ಆದರೆ ಎರಡು ಬೇರೆ ವಿಧಾನಗಳು ತೋರಿಸಿದ ದಿಕ್ಕು ಒಂದೇ, ಮತ್ತು ಅದು ಅಲೆವಾದಿಗಳ ದಿಕ್ಕಿಗೆ ನೇರ ವಿರುದ್ಧ.

ನಾಲ್ಕನೆಯ ವಾದ: ಹೋಗಲಿ, ಅಕ್ಕಾಡಿಯನ್ನರನ್ನು ಬಿಡೋಣ, ಅಸಲಿ ಅರಬ್ಬರೆಂದರೆ ಯೆಮೆನಿನ ಕಹ್ತಾನನ ವಂಶ, ಉತ್ತರದ ಅದ್ನಾನನ ವಂಶದವರು ಆಮೇಲೆ ಅರಬ್ಬರಾದವರು ಎನ್ನುತ್ತದೆ ಸಾಂಪ್ರದಾಯಿಕ ವಂಶಾವಳಿ. ಕಲ್ಲುಗಳು ಹೇಳುವುದೇ ಬೇರೆ. ಪ್ರಾಚೀನ ಯೆಮೆನಿನ ಶಾಸನಗಳು ಸಬಾಯಿಕ್ ಮತ್ತದರ ನೆರೆಯ ಭಾಷೆಗಳಲ್ಲಿವೆ, ಅವು ಅರಬ್ಬಿಯಲ್ಲ. ಕ್ರಿ.ಶ. ಐದನೆಯ ಶತಮಾನದಲ್ಲಿ ಯೆಮೆನನ್ನಾಳಿದ ಹಿಮ್ಯಾರ್ ದೊರೆಗಳು ತಮ್ಮ ಬಿರುದಿನಲ್ಲಿ ಸಬಾ, ಹದ್ರಮೌತ್‌ಗಳನ್ನು ಹೆಸರಿಸಿ, ಅವುಗಳಾಚೆಗೆ ಪ್ರತ್ಯೇಕವಾಗಿ ಗುಡ್ಡನಾಡಿನ, ಕರಾವಳಿಯ ‘ಅವರ ಅರಬ್ಬರ’ ಒಡೆಯರೆಂದೂ ಹೇಳಿಕೊಂಡರು. ತಾವೇ ಅಸಲಿ ಅರಬ್ಬರಾಗಿದ್ದವರು ಅರಬ್ಬರನ್ನು ಪ್ರಜೆಗಳ ಪಟ್ಟಿಯ ಬಾಲಕ್ಕೆ ಸೇರಿಸಿದ್ದೇಕೆ? ಇತ್ತ ಹಳೆಯ ಅರಬ್ಬಿ ಸಿಗುವುದು ಉತ್ತರದಲ್ಲಿ. ದಕ್ಷಿಣ ಸಿರಿಯಾ ಮತ್ತು ಜೋರ್ಡಾನಿನ ಕಪ್ಪುಕಲ್ಲಿನ ಮರುಭೂಮಿಯಲ್ಲಿ ಕುರಿಗಾಹಿಗಳು ಕೆತ್ತಿದ ಸಾವಿರಾರು ಸಫಾಯಿಟಿಕ್ ಬರಹಗಳಿವೆ. ಅವುಗಳ ಭಾಷೆ ಹಳೆಯ ಅರಬ್ಬಿಯ ಒಂದು ರೂಪ ಎಂದು ಅಹ್ಮದ್ ಅಲ್-ಜಲ್ಲಾದ್ ತಮ್ಮ 2015ರ ವ್ಯಾಕರಣದಲ್ಲಿ ವಾದಿಸಿದರು. ‘ಅರಬ್ಬರೆಲ್ಲರ ದೊರೆ’ ಇಮ್ರುಲ್ ಕೈಸ್‌ನ 328ರ ಸಮಾಧಿ ಶಾಸನ ಸಿಕ್ಕಿದ್ದು ಸಿರಿಯಾದ ನಮಾರಾದಲ್ಲಿ. ‘ಅಸಲಿ’ಗಳ ನಾಡಿನಲ್ಲಾದರೋ ಅರಬ್ಬಿಯಲ್ಲದ ಮೆಹ್ರಿ, ಸೊಕೊತ್ರಿ ಭಾಷೆಗಳು ಇಂದಿಗೂ ಜೀವಂತ. ವಂಶಾವಳಿಕಾರರ ನಕ್ಷೆಯನ್ನು ತಲೆಕೆಳಗಾಗಿ ಹಿಡಿದರೆ ಶಾಸನಗಳ ನಕ್ಷೆಯಾಗುತ್ತದೆ. ವಂಶ ಎನ್ನುವುದು ಬಹಳಮಟ್ಟಿಗೆ ಕಲ್ಪಿತ, ಜನರನ್ನು ಒಗ್ಗೂಡಿಸುವುದಷ್ಟೇ ಅದರ ಉಪಯೋಗ ಎಂದು ಹದಿನಾಲ್ಕನೆಯ ಶತಮಾನದಲ್ಲೇ ಇತಿಹಾಸಕಾರ ಇಬ್ನ್ ಖಲ್ದೂನ್ ಬರೆದಿದ್ದ. ಆತನನ್ನು ಹೊಗಳುವವರು ಈ ಪುಟವನ್ನು ಮಾತ್ರ ಮಗುಚಿಹಾಕುತ್ತಾರೆ.

ಐದನೆಯ ವಾದ: ಶಾಸನ ಏನೇ ಹೇಳಲಿ, ‘ಅರಬ್ ಜೀನ್’ ಇದೆಯಲ್ಲ, ವೈ ವರ್ಣತಂತುವಿನ ಜೆ-1 ಗುಂಪು! ಯೆಮೆನಿನ ಗಂಡಸರಲ್ಲಿ ಅದು ಹೇರಳ ಎನ್ನುವುದು ನಿಜ. ಆದರೆ ಕಾಕಸಸ್ ಬೆಟ್ಟಗಳ ದಾಗೆಸ್ತಾನದಲ್ಲಿ, ಅರಬ್ಬಿಗೂ ಸೆಮಿಟಿಕ್‌ಗೂ ಸಂಬಂಧವಿಲ್ಲದ ಭಾಷೆಯಾಡುವ ಡಾರ್ಗಿನ್ ಜನರಲ್ಲೂ ಅದು ಅಷ್ಟೇ ಹೇರಳ. ‘ಅದು ಬೇರೆ ಕೊಂಬೆ, ನಮ್ಮದು ಪಿ-58’ ಎಂದು ಜಾರಿಕೊಳ್ಳುತ್ತಾರೆ. ಆಗಲಿ. ಯೆಹೂದಿ ಪುರೋಹಿತ ಮನೆತನದ ಕೊಹೆನ್‌ಗಳಲ್ಲಿ ದೊಡ್ಡ ಪಾಲು ಅದೇ ಪಿ-58. ಅವರೂ ಅರಬ್ಬರೋ? ಉತ್ತರ ಆಫ್ರಿಕದ ಮಗ್ರಿಬ್‌ನಲ್ಲಿ ಅರಬ್ಬಿಯಾಡುವ ಲಕ್ಷಾಂತರ ಗಂಡಸರು ಬೇರೆಯೇ ಆದ ‘ಇ’ ಗುಂಪಿನವರು. ಅವರು ಅರಬ್ಬರಲ್ಲವೋ? ಜೆ-1 ಅರಬ್ಬಿ ಭಾಷೆಗಿಂತ ಸಾವಿರಾರು ವರ್ಷ ಹಳೆಯದು; ಹುಟ್ಟದ ಭಾಷೆಯ ಮುದ್ರೆ ಅದರ ಮೇಲೆ ಬಿದ್ದದ್ದು ಹೇಗೆ? ಇನ್ನು ವೈ ವರ್ಣತಂತು ಹೇಳುವುದು ತಂದೆಯ ತಂದೆಯ ತಂದೆಯ ಕಥೆಯನ್ನು ಮಾತ್ರ. ಹತ್ತು ತಲೆಮಾರು ಹಿಂದಕ್ಕೆ ಹೋದರೆ ಪೂರ್ವಿಕರ ಸ್ಥಾನಗಳು 1,024. ಅವುಗಳಲ್ಲಿ ಒಂದನ್ನು ಹಿಡಿದು ಉಳಿದ 1,023ನ್ನು, ತಾಯಂದಿರೆಲ್ಲರನ್ನೂ ಸೇರಿಸಿ, ಲೆಕ್ಕದಿಂದ ಕೈಬಿಟ್ಟವರು ಅದಕ್ಕೆ ಜನಾಂಗದ ಇತಿಹಾಸ ಎಂದು ಹೆಸರಿಡುತ್ತಾರೆ.

ಈಗ ಎದುರು ಪಕ್ಷಕ್ಕೆ ಬರೋಣ. ಇಷ್ಟು ಹೊತ್ತು ಅವರು ಮುಗುಳ್ನಗುತ್ತಿದ್ದಿರಬೇಕು. ಅವರ ಮುಖ್ಯ ವಾದ, ಒಟ್ಟಿನಲ್ಲಿ ಆರನೆಯದು: 2017ರ ಅಧ್ಯಯನದ ಪ್ರಕಾರ ಇಂದಿನ ಲೆಬನಾನಿನವರ ವಂಶಾಂಶದಲ್ಲಿ ಸುಮಾರು ಶೇ. 93 ಕಾನಾನ್ಯರದು, ಆದ್ದರಿಂದ ಅವರು ಅರಬ್ಬರಲ್ಲ, ಕಾನಾನ್ಯರ ಪೀಳಿಗೆಯಾದ ಫಿನೀಷಿಯನ್ನರು. ಅಂಕಿ ಸರಿ, ‘ಆದ್ದರಿಂದ’ ತಪ್ಪು. ಲೆಬನಾನಿನ ಸೈದಾದಲ್ಲಿ ಸಿಕ್ಕ ಸುಮಾರು 3,700 ವರ್ಷ ಹಿಂದಿನ ಐವರ ಮೂಳೆಗಳಿಂದ ಬಂದ ಅಂಕಿ ಅದು. ಅದೇ ಅಧ್ಯಯನ ಇನ್ನೊಂದನ್ನೂ ಹೇಳಿತು: ಆ ಕಾನಾನ್ಯರೇ ಮಿಶ್ರರು, ಅರ್ಧ ಸ್ಥಳೀಯ ನವಶಿಲಾಯುಗದ ರೈತರ ಸಂತಾನ, ಇನ್ನರ್ಧ ಇರಾನಿನ ಕಡೆಯವರಿಗೆ ಸಂಬಂಧಿಸಿದ್ದು. ಶುದ್ಧರಕ್ತ ಹುಡುಕಿ ಹೋದವರಿಗೆ ಮೊದಲ ಸಮಾಧಿಯಲ್ಲೇ ಬೆರಕೆ ಸಿಕ್ಕಿತು. ವರದಿಯ ಆ ಸಾಲು ಅವರ ಕಣ್ಣಿಗೆ ಬೀಳಲಿಲ್ಲ. ‘ಅರಬ್ಬರು ನಮ್ಮ ಫಿನೀಷಿಯನ್ ನಾಲಿಗೆಯನ್ನು ಕಸಿದರು’ ಎಂಬ ಅಳಲೂ ಇದೆ. ಇಸ್ಲಾಮಿನ ಸೇನೆಗಳು ಬರುವ ಶತಮಾನಗಳ ಮೊದಲೇ ಫಿನೀಷಿಯನ್ ತನ್ನ ತವರಿನಲ್ಲಿ ಸತ್ತಿತ್ತು. ಅದರ ಜಾಗಕ್ಕೆ ಬಂದಿದ್ದು ಅರಾಮಿಕ್. ಅದರ ಒಂದು ಕುಡಿ ಸಿರಿಯಾದ ಮಾಲೂಲಾದಲ್ಲಿ ಈಗಲೂ ಇದೆ. ಹಾಗಾದರೆ ಅರಾಮಿಕ್ ಆಡಿದ ತಮ್ಮ ಪೂರ್ವಿಕರನ್ನು ಯಾವ ಜನಾಂಗಕ್ಕೆ ಸೇರಿಸುತ್ತಾರೆ? ಉತ್ತರ ಬಂದಿಲ್ಲ.

ಏಳನೆಯದು ಈಜಿಪ್ಟಿನ ವಾದ: ಮಮ್ಮಿಗಳ ಡಿಎನ್‌ಎ ನಮ್ಮನ್ನು ಫೇರೋಗಳ ಮಕ್ಕಳೆಂದು ತೋರಿಸಿದೆ, ಅರಬ್ ಜಗತ್ತಿಗೂ ನಮಗೂ ಸಂಬಂಧವಿಲ್ಲ. ಇವರು ಎತ್ತಿ ಹಿಡಿಯುವ 2017ರ ಅಧ್ಯಯನ ಅಬುಸಿರ್ ಅಲ್-ಮಲಕ್ ಎಂಬ ಒಂದೇ ಊರಿನ ಸ್ಮಶಾನದ್ದು. 90 ಮಮ್ಮಿಗಳಿಂದ ತಾಯಿಯ ಕಡೆಯ ಮಾಹಿತಿ, ಮೂವರಿಂದ ಮಾತ್ರ ವಿಸ್ತಾರವಾದ ಜೀನೋಮ್ ಮಾಹಿತಿ. ಸಾವಿರಾರು ವರ್ಷದ ನಾಗರಿಕತೆಗೆ ಮೂವರು ಪ್ರತಿನಿಧಿಗಳು! ಆ ಮೂವರನ್ನೇ ಒಪ್ಪೋಣ. ಅವರ ಸಾಕ್ಷ್ಯವೇನು? ಇಂದಿನ ಈಜಿಪ್ಟಿನವರಿಗಿಂತ ಆ ಮಮ್ಮಿಗಳೇ ಪಶ್ಚಿಮ ಏಷ್ಯಾದವರಿಗೆ ಹೆಚ್ಚು ಹತ್ತಿರ. ಪೂರ್ವದ ನೆರೆಯವರಿಂದ ದೂರ ಸರಿಯಲು ಕರೆತಂದ ಸಾಕ್ಷಿ ಅವರ ತೆಕ್ಕೆಯಲ್ಲೇ ಹೋಗಿ ನಿಂತ.

ಎಂಟನೆಯ ವಾದ ರಕ್ತವನ್ನೇ ಕೈಬಿಡುತ್ತದೆ: ಅರಬ್ಬಿ ಯಾರ ಮಾತೋ ಅವನು ಅರಬ್, ಅವನಿಗೆ ಇಷ್ಟವಿರಲಿ, ಬಿಡಲಿ. ಇದು ಅರಬ್ ರಾಷ್ಟ್ರೀಯವಾದದ ಚಿಂತಕ ಸಾತಿ ಅಲ್-ಹುಸ್ರಿಯವರ ನಿಲುವು. ಇರುವುದರಲ್ಲಿ ಇದೇ ಮರ್ಯಾದಸ್ಥ ವಾದ, ಆದರೆ ಇದನ್ನು ಹೇಳುವವರೇ ಪಾಲಿಸುವುದಿಲ್ಲ. ಮಾಲ್ಟಾದವರು ಆಡುವುದು ಅರಬ್ಬಿಯ ಮಗಳನ್ನು. ಅವರು ಕ್ಯಾಥೊಲಿಕರು, ಜೀನ್‌ಗಳಲ್ಲಿ ಸಿಸಿಲಿಯವರಿಗೆ ಹತ್ತಿರ, ಐರೋಪ್ಯ ಒಕ್ಕೂಟದ ಸದಸ್ಯರು. ಅವರನ್ನು ಅರಬ್ಬರೆಂದು ಯಾರೂ ಕರೆಯುವುದಿಲ್ಲ. ಸೊಮಾಲಿಯಾದ ತಾಯ್ನುಡಿ ಸೊಮಾಲಿ, ಕೊಮೊರೊಸ್‌ನದು ಸ್ವಾಹಿಲಿಯ ಬಂಧು. ಎರಡೂ ಅರಬ್ ಲೀಗಿನ ಸದಸ್ಯ ರಾಷ್ಟ್ರಗಳು. ನಮ್ಮ ಭಟ್ಕಳದ ನವಾಯತರು ಅರಬ್ ವರ್ತಕರ ಪೀಳಿಗೆಯವರೆಂಬುದು ಅವರ ಪರಂಪರೆ. ಮನೆಯಲ್ಲಿ ಆಡುವ ನವಾಯತಿ ಕೊಂಕಣಿಯ ಬಂಧು. ರಕ್ತ, ನಾಲಿಗೆ, ಹೆಸರು ಮೂರೂ ಮೂರು ಹಾದಿ ಹಿಡಿದದ್ದಕ್ಕೆ ಇಷ್ಟು ಉದಾಹರಣೆ ಸಾಲದೆ?

ಇನ್ನುಳಿದದ್ದು ನುಣುಚಿಕೊಳ್ಳುವ ಚಾತುರ್ಯ. ಜೀನ್‌ನಲ್ಲಿ ಸಿಕ್ಕಿಬಿದ್ದರೆ ‘ಮುಖ್ಯವಾದದ್ದು ಭಾಷೆ’ ಎನ್ನುತ್ತಾರೆ. ಭಾಷೆಯಲ್ಲಿ ಸಿಕ್ಕಿಬಿದ್ದರೆ ವಂಶಾವಳಿ ಬರುತ್ತದೆ, ವಂಶಾವಳಿ ಕುಸಿದರೆ ಮತ್ತೆ ಜೀನ್. ಗಾಳಿ ಬಂದತ್ತ ತೂರಿಕೊಳ್ಳುವ ಈ ವಿದ್ಯೆಯಲ್ಲಿ ಎರಡೂ ಪಕ್ಷಗಳು ಸರಿಸಮಾನ. ಕೊನೆಯ ಅಸ್ತ್ರ ಒಂದಿದೆ: ‘ಹಾಗಾದರೆ ಅರಬ್ಬರೇ ಇಲ್ಲ ಎನ್ನುತ್ತೀರಾ?’ ಇಲ್ಲವೆಂದವರಾರು? ಗಿಂದಿಬು ಇದ್ದ, ಇಮ್ರುಲ್ ಕೈಸ್ ಇದ್ದ, ಇಂದು ಕೋಟಿಗಟ್ಟಲೆ ಅರಬ್ಬರಿದ್ದಾರೆ. ಆಡಳಿತ, ಧರ್ಮ, ವ್ಯಾಪಾರ, ಮದುವೆ, ಕಾವ್ಯ ಎಲ್ಲ ಸೇರಿ ಶತಮಾನಗಳಲ್ಲಿ ರೂಪಿಸಿದ ಸಮುದಾಯ ಅದು. ಇತಿಹಾಸದಲ್ಲಿ ಆದದ್ದು ನಿಜವಾಗಲು ಪ್ರಯೋಗಾಲಯದ ಮೊಹರು ಬೇಕಿಲ್ಲ.

ಆದ್ದರಿಂದ ಇಬ್ಬರಿಗೂ ಒಂದೊಂದು ಸವಾಲು. ಅರಬ್ಬರೆಲ್ಲರಲ್ಲೂ ಇದ್ದು ಬೇರೆ ಯಾರಲ್ಲೂ ಇಲ್ಲದ ಒಂದು ವಂಶವಾಹಿಯನ್ನು ಏಕರಕ್ತದವರು ತೋರಿಸಲಿ. ಒಬ್ಬ ವ್ಯಕ್ತಿಯ ಜೀನೋಮ್ ಮಾತ್ರ ನೋಡಿ ಅವನ ತಾಯ್ನುಡಿಯನ್ನು ಹೇಳುವ ವಿಧಾನವನ್ನು ಭಿನ್ನರಕ್ತದವರು ತೋರಿಸಲಿ. ತೋರಿಸಿದ ದಿನ ನಾನು ಸೋತೆ. ತೋರಿಸಲಾಗದಿದ್ದರೆ ಯಾರು ಅರಬ್, ಯಾರಲ್ಲ ಎಂದು ತೀರ್ಮಾನಿಸುವ ಅಧಿಕಾರವನ್ನು ಆ ಹೆಸರನ್ನು ಹೊತ್ತ, ಅಥವಾ ಒಲ್ಲೆನೆಂದ ಜನರಿಗೇ ಬಿಟ್ಟು, ಎರಡೂ ಪಕ್ಷಗಳು ತಮ್ಮ ರಕ್ತದ ಲೆಕ್ಕಪುಸ್ತಕವನ್ನು ಮುಚ್ಚಲಿ.