ದೀಪ ಹಚ್ಚುವ ಮೊದಲು

ಜಮಖಂಡಿಯಿಂದ ಅರಬ್ಬೀ ಸಮುದ್ರಕ್ಕೆ ಹಕ್ಕಿ ಹಾರುವ ದಾರಿಯಲ್ಲೇ ಸುಮಾರು 200 ಕಿಲೋಮೀಟರ್. ಈ ಸೀಮೆಯವರಿಗೆ ಉಪ್ಪೆಂದರೆ ನೆನಪಾಗುವುದು ಕಡಲಲ್ಲ. ಕಬ್ಬಿಗೆ ಅತಿಯಾಗಿ ನೀರು ಹಾಯಿಸಿ ಸವಳಾದ ಹೊಲ. ಅಂಥಲ್ಲಿಯೂ ಮುಧೋಳದ್ದೋ ಬೀಳಗಿಯದ್ದೋ ರಬಕವಿ-ಬನಹಟ್ಟಿಯದ್ದೋ ಒಂದು ಮನೆಯ ಪಡಸಾಲೆಗೆ ಗಾಜಿನ ತೊಟ್ಟಿ ಬಂದು, ಅದರಲ್ಲಿ ಕಡಲನ್ನೇ ಕೂಡಿಸುವ ಹವ್ಯಾಸ ಹುಟ್ಟಿತೆಂದರೆ, ಮೊದಲ ಸಂಜೆಯೇ ಮನೆಯಲ್ಲಿ ಎರಡು ಪಕ್ಷಗಳಾಗುವುದು ಖಂಡಿತ. ಇಷ್ಟು ಹಣ ತೆತ್ತು ತಂದ ನೀಲಿ ದೀಪವನ್ನು ಈಗಲೇ ಬೆಳಗಿಸಬೇಕೆಂದು ಮಕ್ಕಳ ಹಟ. ಇನ್ನೂ ಕೆಲವು ವಾರ ಕತ್ತಲೆಯೇ ಇರಲೆಂದು ತಿಳಿದವರ ಮಾತು.

ತಿಳಿದವರ ಮಾತೇ ಸರಿ. ಏಕೆಂದರೆ ಆರಂಭದಲ್ಲಿ ತೊಟ್ಟಿಯೊಳಗೆ ಇರುವುದು ಮೀನಲ್ಲ, ಹವಳವಲ್ಲ, ಬರಿಯ ಕಲ್ಲು. ಇದಕ್ಕೆ ಹವ್ಯಾಸಿಗಳಲ್ಲಿ ಜೀವಶಿಲೆ ಎಂಬ ಹೆಸರು. ರಂಧ್ರಮಯವಾದ ಈ ಸುಣ್ಣದ ಬಂಡೆಗೆ ಸ್ವತಃ ಜೀವವಿಲ್ಲದಿದ್ದರೂ ಅದರ ಸಂದುಗೊಂದುಗಳಲ್ಲಿ ಬ್ಯಾಕ್ಟೀರಿಯ, ಸ್ಪಂಜು, ಹುಳುಗಳ ದೊಡ್ಡ ಸಂಸಾರವೇ ಇರುತ್ತದೆ. ಇಂಥ ಕಲ್ಲು, ಗಾಳಿಗುಳ್ಳೆ, ಬಿಸಿಲು ಇಷ್ಟರಿಂದಲೇ ಕಡಲ ಜೀವಿಗಳನ್ನು ಸಾಕಬಹುದೆಂದು ಇಂಡೋನೇಷ್ಯದ ಲೀ ಚಿನ್ ಎಂಗ್ 1961ರಲ್ಲಿ ಬರೆದು ತೋರಿಸಿದರು.

ಆದರೆ ದಾರಿಯ ಪ್ರಯಾಣದಲ್ಲಿ ಆ ಸಂಸಾರದ ಬಹುಪಾಲು ಸಾಯುತ್ತದೆ, ಕೊಳೆಯುತ್ತದೆ. ಕೊಳೆತದ್ದರಿಂದ ಅಮೋನಿಯ ಹೊರಡುತ್ತದೆ. ಮೀನಿಗೆ ಅದು ವಿಷ. ಒಂದು ಬಗೆಯ ಬ್ಯಾಕ್ಟೀರಿಯ ಅದನ್ನು ನೈಟ್ರೈಟ್ ಆಗಿಸುತ್ತದೆ, ಇನ್ನೊಂದು ಬಗೆ ನೈಟ್ರೈಟನ್ನು ನೈಟ್ರೇಟ್ ಆಗಿಸುತ್ತದೆ. ಕಲ್ಲು ಹದಗೊಳ್ಳುವುದೆಂದರೆ ಇದೇ. ಹಸಿ ಸಗಣಿಯನ್ನು ನೇರವಾಗಿ ಕಬ್ಬಿನ ಬುಡಕ್ಕೆ ಸುರಿಯದೆ ತಿಪ್ಪೆಯಲ್ಲಿ ಕಳಿಯಲು ಬಿಡುವ ರೈತನಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈ ಬ್ಯಾಕ್ಟೀರಿಯಗಳಿಗೆ ಬೆಳಕು ಬೇಡ. ಪ್ರಖರವಾದ ಬೆಳಕು ಅವುಗಳ ಕೆಲಸಕ್ಕೆ ಅಡ್ಡಿಯೇ ಹೌದು. ಬೆಳಕಿಗಾಗಿ ಹಸಿದಿರುವುದು ಪಾಚಿ. ನೀರಿನಲ್ಲಿ ನೈಟ್ರೇಟ್ ಮತ್ತು ಫಾಸ್ಫೇಟ್ ತುಂಬಿರುವಾಗ ದೀಪ ಹಚ್ಚಿದರೆ ಪಾಚಿಗೆ ಹಬ್ಬದೂಟ: ಮೊದಲು ಕಂದು ಪೊರೆ, ಆಮೇಲೆ ಹಸುರು ಕೂದಲು, ಕೊನೆಗೆ ಕೆಂಪು ಲೋಳೆ. ಒಮ್ಮೆ ಬೇರೂರಿದರೆ ತಿಂಗಳುಗಟ್ಟಲೆ ಕಾಟ. ಹವಳಕ್ಕೆ ಬೆಳಕು ಬೇಕೆಂಬುದು ನಿಜ; ಅದರ ಮೈಯೊಳಗೆ ನೆಲೆಸಿದ ಸೂಕ್ಷ್ಮ ಪಾಚಿ ಬೆಳಕಿನಿಂದ ಆಹಾರ ತಯಾರಿಸಿ ಅದಕ್ಕೂ ಪಾಲು ಕೊಡುತ್ತದೆ. ಆದರೆ ತೊಟ್ಟಿಯಲ್ಲಿ ಹವಳವೇ ಇಲ್ಲದಾಗ ದೀಪ ಯಾರಿಗೆ?

ಹವಳದ ಮಾತು ಬಂದುದರಿಂದ ಇನ್ನೊಂದು ಸಂಗತಿಯನ್ನೂ ಹೇಳಬೇಕು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಅನುಸೂಚಿಗೆ 2001ರಲ್ಲಿ ಗಟ್ಟಿ ಹವಳಗಳು ಸೇರಿದವು. ಮುರ್ಡೇಶ್ವರದ ಎದುರಿನ ನೇತ್ರಾಣಿ ದ್ವೀಪದ ಸುತ್ತಲ ಹವಳವನ್ನು ಮುಳುಗಿ ನೋಡಿ ಬರಬಹುದು. ಅಂಗೈಯಗಲದ ತುಂಡನ್ನೂ ಕಿತ್ತು ತರುವಂತಿಲ್ಲ. ಅಂಗಡಿಯವನು ಜೀವಶಿಲೆ ಎಂದು ಕೊಡುವ ಕಲ್ಲಿಗೆ ಹವಳ ಅಂಟಿದ್ದರೆ ಕೊಂಡವನಿಗೂ ತೊಡಕು. ಆದ್ದರಿಂದ ಮನುಷ್ಯನೇ ಎರಕ ಹೊಯ್ದು ಮಾಡಿದ ರಂಧ್ರಮಯ ಒಣಕಲ್ಲು ಲೇಸು. ಲೋಕಾಪುರದ ಸುತ್ತ ಸುಣ್ಣಕಲ್ಲಿಗೆ ಬರವಿಲ್ಲವಲ್ಲ ಎಂದು ಯಾರಾದರೂ ಕೇಳಿಯಾರು. ಆ ಕಲ್ಲು ಬಲು ಗಟ್ಟಿ. ಬ್ಯಾಕ್ಟೀರಿಯಕ್ಕೆ ಮೇಲ್ಮೈಯಷ್ಟೇ ಸಿಗುತ್ತದೆ, ಒಳಮನೆ ಸಿಗದು. ನೈಟ್ರೇಟನ್ನು ಸಾರಜನಕವಾಗಿಸಿ ಗಾಳಿಗೆ ಬಿಡುವ ಮತ್ತೊಂದು ಜಾತಿಯ ಬ್ಯಾಕ್ಟೀರಿಯಕ್ಕೆ ಆಮ್ಲಜನಕ ಸುಳಿಯದ ಆ ಒಳಮನೆಯೇ ಬೇಕು.

ಒಣಕಲ್ಲಿನಲ್ಲಿ ಜೀವ ನೆಲೆಗೊಳ್ಳಲು ನಾಲ್ಕರಿಂದ ಎಂಟು ವಾರವಾದರೂ ಹಿಡಿಯುತ್ತದೆ. ಹಳೆಯ ತೊಟ್ಟಿಯೊಂದರ ಹಿಡಿ ಮರಳು ಹೆಪ್ಪಾಗುತ್ತದೆ. ಸಿಗಡಿಯ ಚೂರೊಂದು ಮೊದಲ ಅಮೋನಿಯಕ್ಕೆ ಸಾಕು. ಮೂರು ಅಡಿ ಉದ್ದ, ಒಂದೂವರೆ ಅಡಿ ಅಗಲ ಮತ್ತು ಎತ್ತರದ ತೊಟ್ಟಿ ಸುಮಾರು 190 ಲೀಟರ್ ಹಿಡಿಯುತ್ತದೆ. ಅದಕ್ಕೆ ಏಳು ಕಿಲೋದಷ್ಟು ಕಡಲುಪ್ಪಿನ ಮಿಶ್ರಣ ಬೇಕು. ಅಡುಗೆಯ ಉಪ್ಪು ಆಗದು. ಅದರಲ್ಲಿ ಮೆಗ್ನೀಸಿಯಂ, ಕ್ಯಾಲ್ಸಿಯಂ ಎಲ್ಲಿಂದ ಬರಬೇಕು? ಕೊಳವೆಬಾವಿಯ ಗಡಸು ನೀರೂ ಬೇಡ, ಶುದ್ಧೀಕರಿಸಿದ್ದೇ ಆಗಬೇಕು. ಗಾಳಿಯಾಡಿಸುವ ಯಂತ್ರ ಹಗಲಿರುಳೂ ನಡೆಯಬೇಕು.

ಪರೀಕ್ಷೆಯಲ್ಲಿ ಅಮೋನಿಯ, ನೈಟ್ರೈಟ್ ಎರಡೂ ಸೊನ್ನೆಗಿಳಿದು ಹಾಗೆಯೇ ನಿಂತ ಮೇಲೆ ಅರ್ಧದಷ್ಟು ನೀರು ಬದಲಿಸಿ ದೀಪ ಹಚ್ಚಬಹುದು. ಮೊದಲ ವಾರ ದಿನಕ್ಕೆ ಮೂರು ನಾಲ್ಕು ಗಂಟೆ; ವಾರವಾರವೂ ಒಂದೊಂದು ಗಂಟೆ ಏರಿಸುತ್ತ ಎಂಟಕ್ಕೆ ನಿಲ್ಲಿಸಬೇಕು. ಆಗಲೂ ಕಂದು ಪೊರೆ ಕಾಣಿಸೀತು. ಗಾಬರಿ ಬೇಡ, ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ತಾನೇ ಕರಗುತ್ತದೆ. ಏಪ್ರಿಲ್‌ನಲ್ಲಿ ಹೊರಗೆ ಉಷ್ಣ 40 ಡಿಗ್ರಿ ಮುಟ್ಟುವ ಈ ಊರುಗಳಲ್ಲಿ ನೀರನ್ನು 26ರ ಆಸುಪಾಸಿನಲ್ಲಿಡುವುದೇ ದೊಡ್ಡ ಕಷ್ಟ. ನೀರಿನ ಮೇಲೆ ಬೀಸಣಿಗೆ ಆಡಿಸಿದರೆ ಕೆಲವು ಡಿಗ್ರಿ ಇಳಿದೀತು; ಆದರೆ ನೀರು ಆರುತ್ತದೆ, ಉಪ್ಪು ಉಳಿಯುತ್ತದೆ. ಕಡಮೆಯಾದಷ್ಟನ್ನು ಪ್ರತಿದಿನ ಸಿಹಿನೀರಿನಿಂದಲೇ ತುಂಬಬೇಕು.

ಮೀನು ತರುವಾಗಲೂ ಕಡಲಿನಿಂದ ಹಿಡಿದದ್ದು ಬೇಡ. ಕಿತ್ತಳೆ ಮೈಗೆ ಬಿಳಿ ಪಟ್ಟೆಯ ಕೋಡಂಗಿ ಮೀನನ್ನು ತೊಟ್ಟಿಯಲ್ಲೇ ಮರಿ ಮಾಡಿಸುವ ವಿಧಾನವನ್ನು ಕೇಂದ್ರ ಕಡಲ ಮೀನುಗಾರಿಕಾ ಸಂಶೋಧನಾ ಸಂಸ್ಥೆಯವರು ರೂಪಿಸಿದ್ದಾರೆ. ಹಾಗೆ ಹುಟ್ಟಿದ ಒಂದು ಜೋಡಿ ಮೊದಲಿಗೆ ಸಾಕು.