ನಾಲ್ಕು ಮಾತಿಗೆ ಮೂವತ್ತು ಅಂಕ!

"ಮಗಳು ಎಲ್ಲಾ ಓದಿದ್ಲುರಿ. ಬರೆಯೋ ಪರೀಕ್ಷೆನೂ ಪಾಸಾದ್ಲು. ಸಂದರ್ಶನಕ್ಕ ಹೋಗಿ ಬಾಯೇ ಬಿಡಲಿಲ್ರಿ." ಮೊನ್ನೆ ಸಿರುಗುಪ್ಪ ಬಸ್ಸಿನಲ್ಲಿ ಕೇಳಿದ ಮಾತಿದು. ಪಿಎಚ್.ಡಿ. ಸೀಟು ತಪ್ಪಿಸಿಕೊಂಡ ಹುಡುಗಿಯ ತಂದೆಯ ಅಳಲು. ಇಂಥ ತಂದೆಯರು ಕುರುಗೋಡಿನಲ್ಲೂ ಇದ್ದಾರೆ, ಬಳ್ಳಾರಿಯ ಬಜಾರಿನಲ್ಲೂ ಇದ್ದಾರೆ.

2010ರಲ್ಲಿ ಬಳ್ಳಾರಿಯಲ್ಲೇ ವಿಜಯನಗರ ಶ್ರೀ ಕೃಷ್ಣದೇವರಾಯ ವಿಶ್ವವಿದ್ಯಾಲಯ ಆಯಿತು. ಬಾಗಿಲು ಹತ್ತಿರ ಬಂತು, ನಿಜ. ಆದರೆ ಹೊಸ್ತಿಲು ಎತ್ತರವಾಗಿಯೇ ಇದೆ. ಯುಜಿಸಿಯ 2022ರ ನಿಯಮದಂತೆ, ವಿಶ್ವವಿದ್ಯಾಲಯಗಳು ತಾವೇ ನಡೆಸುವ ಪಿಎಚ್.ಡಿ. ಪ್ರವೇಶದಲ್ಲಿ ಬರೆಯುವ ಪರೀಕ್ಷೆಗೆ ಶೇಕಡಾ 70, ಸಂದರ್ಶನಕ್ಕೆ ಶೇಕಡಾ 30. ವರ್ಷಗಟ್ಟಲೆ ಓದಿದ್ದನ್ನು ಕೆಲವೇ ನಿಮಿಷ ಅಳಿಸಿಹಾಕಬಹುದು!

ಈ ಜಗಳ ಹೊಸದಲ್ಲ. 1963ರಲ್ಲಿ ಮೈಸೂರು ಸರ್ಕಾರ ಮೆಡಿಕಲ್, ಎಂಜಿನಿಯರಿಂಗ್ ಸೀಟಿಗೆ ಸಂದರ್ಶನದ ಅಂಕ ಸೇರಿಸಿದಾಗ ಪ್ರಕರಣ ಸುಪ್ರೀಂ ಕೋರ್ಟಿಗೆ ಹೋಯಿತು. 1964ರಲ್ಲಿ ಕೋರ್ಟು ಸಂದರ್ಶನವನ್ನು ಎತ್ತಿಹಿಡಿಯಿತು. ಆದರೆ 1980ರಲ್ಲಿ ಶ್ರೀನಗರದ ಎಂಜಿನಿಯರಿಂಗ್ ಕಾಲೇಜಿನ ಪ್ರಕರಣದಲ್ಲಿ ಅದೇ ಕೋರ್ಟು, ಕಾಲೇಜು ಪ್ರವೇಶದಲ್ಲಿ ಸಂದರ್ಶನಕ್ಕೆ ಶೇಕಡಾ 15ಕ್ಕಿಂತ ಹೆಚ್ಚು ಅಂಕ ಇಡುವುದು ಮನಬಂದಂತೆ ನಡೆದಂತೆ ಎಂದಿತು. ಸಂದರ್ಶನವನ್ನು ಟೇಪ್ ಮಾಡಿಡಿ ಎಂದೂ ಸಲಹೆ ಕೊಟ್ಟಿತು.

ನಿಯಮ ಬದಲಾಗುವ ತನಕ ನಮ್ಮ ಹುಡುಗರು ಕೈಕಟ್ಟಿ ಕೂರಬೇಕೆ? ಬೇಡ. ಸಂದರ್ಶನದಲ್ಲಿ ನೋಡುವುದು ಮೂರು ಸಂಗತಿ ಎಂದು ಯುಜಿಸಿಯ 2016ರ ನಿಯಮವೇ ಹೇಳಿತ್ತು. ಸಂಶೋಧನೆ ಮಾಡುವ ಶಕ್ತಿ ನಿನಗಿದೆಯೆ? ಆ ಕೆಲಸ ಈ ಸಂಸ್ಥೆಯಲ್ಲಿ ಸಾಧ್ಯವೆ? ಅದರಿಂದ ಹೊಸ ತಿಳಿವಳಿಕೆ ಬರುತ್ತದೆಯೆ? ಈ ಮೂರಕ್ಕೆ ಬಾಯಿಪಾಠದ ಉತ್ತರ ಇಲ್ಲ. ಸಿರುಗುಪ್ಪದ ಭತ್ತ, ತುಂಗಭದ್ರಾ ಕಾಲುವೆಯ ನೀರು, ಬಳ್ಳಾರಿ ಜೀನ್ಸ್ ಹೊಲಿಯುವವರ ಕೂಲಿ, ಯಾವ ವಿಷಯವೇ ಇರಲಿ, ಮೊದಲು ಅಪ್ಪನ ಅಂಗಡಿ ಗಲ್ಲಾಪೆಟ್ಟಿಗೆ ಎದುರು ನಿಂತು ಹೇಳಲಿ. ಗಿರಾಕಿಗೆ ತಿಳಿಯುವ ಹಾಗೆ ಹೇಳಿದವರು ಪ್ರೊಫೆಸರಿಗೂ ಹೇಳಬಲ್ಲರು. ಗೊತ್ತಿಲ್ಲದ್ದಕ್ಕೆ "ಗೊತ್ತಿಲ್ಲ ಸಾರ್" ಅನ್ನುವುದು ಅವಮಾನವಲ್ಲ. ಜಾತಿ, ಆದಾಯ, 371-ಜೆ ಸರ್ಟಿಫಿಕೇಟುಗಳನ್ನು ಮಾತ್ರ ಮುಂಚೆಯೇ ಮಾಡಿಸಿಡಿ. ಕೊನೇ ದಿನ ಕಚೇರಿ ಸುತ್ತಿದವರಿಗೆ ಓದಲು ಹೊತ್ತೆಲ್ಲಿ?

ದೊಡ್ಡ ಊರಿನ ಮಕ್ಕಳಿಗೆ ಮನೆಯಲ್ಲೇ ತಾಲೀಮು ಸಿಗುತ್ತದೆ. ನಮ್ಮ ಮಕ್ಕಳಿಗೆ ಅದನ್ನು ಕೊಡಬೇಕಾದವರು ಯಾರು? ಸಿರುಗುಪ್ಪ, ಕುರುಗೋಡಿನ ಕಾಲೇಜುಗಳು ತಿಂಗಳಿಗೊಂದು ಶನಿವಾರ ಅಣಕು ಸಂದರ್ಶನ ನಡೆಸಿದರೆ ಖರ್ಚೇನೂ ಇಲ್ಲ. ನಾಲ್ಕು ಕುರ್ಚಿ, ಇಬ್ಬರು ಮೇಷ್ಟ್ರು ಸಾಕು. ವಿಶ್ವವಿದ್ಯಾಲಯಗಳೂ ಸಂದರ್ಶನವನ್ನು ರೆಕಾರ್ಡ್ ಮಾಡಿಡಲಿ, ಅದರ ಅಂಕವನ್ನು ಬೇರೆಯಾಗಿ ಪ್ರಕಟಿಸಲಿ. 1980ರಲ್ಲಿ ಟೇಪ್ ರೆಕಾರ್ಡರ್ ತರಬೇಕಿತ್ತು. ಈಗ ಎಲ್ಲರ ಜೇಬಿನಲ್ಲೂ ಮೊಬೈಲ್ ಇದೆ. ಇಲ್ಲದಿರುವುದು ಮನಸ್ಸು ಮಾತ್ರ.

ಸಂಬಂಧಪಟ್ಟವರು ಗಮನಿಸುವರೆ?