ವಿಕಿರಣ ಮೊದಲು ಮುಟ್ಟುವುದು ಯಾರನ್ನು?

ನಮ್ಮ ಮೊಹಲ್ಲಾದ ತಿರುವಿನಲ್ಲಿ ಒಂದು ಗುಜರಿ ಅಂಗಡಿಯಿದೆ. ಮೀಸೆ ಚಿಗುರುವ ವಯಸ್ಸಿನ ಹುಡುಗರು ಹಳೆ ಮೋಟಾರು, ಫ್ಯಾನುಗಳನ್ನು ಸುತ್ತಿಗೆಯಿಂದ ಒಡೆದು ತಾಮ್ರ ಬೇರೆ, ಸೀಸ ಬೇರೆ ಮಾಡುತ್ತಿರುತ್ತಾರೆ. ಕೈಗೆ ಕವಚವಿಲ್ಲ. ಪರಮಾಣು ದುರಂತವೆಂದರೆ ಹಲವರಿಗೆ ಹಿರೋಷಿಮಾದ ಅಣಬೆ ಮೋಡ ನೆನಪಾಗುತ್ತದೆ. ನನಗೆ ನೆನಪಾಗುವುದು ಈ ಹುಡುಗರ ಬೆರಳುಗಳು.

ಕಾರಣವಿದೆ. ದೆಹಲಿ ವಿಶ್ವವಿದ್ಯಾಲಯದ ರಸಾಯನಶಾಸ್ತ್ರ ವಿಭಾಗದಲ್ಲಿ ಕೋಬಾಲ್ಟ್-60 ಇದ್ದ ಯಂತ್ರವೊಂದು 1985ರಿಂದ ಮೂಲೆಗೆ ಬಿದ್ದಿತ್ತು. 2010ರ ಫೆಬ್ರವರಿಯಲ್ಲಿ ಅದನ್ನು ಹಳೆ ಸಾಮಾನಿನಂತೆ ಹರಾಜು ಹಾಕಲಾಯಿತು. ಯಂತ್ರ ಮಾಯಾಪುರಿಯ ಗುಜರಿ ಮಾರುಕಟ್ಟೆ ಸೇರಿತು. ಅಲ್ಲಿ ಅದನ್ನು ಒಡೆದರು. ಸುಮಾರು ಐದೂಕಾಲು ವರ್ಷಕ್ಕೊಮ್ಮೆ ಕೋಬಾಲ್ಟಿನ ಶಕ್ತಿ ಅರ್ಧಕ್ಕಿಳಿಯುತ್ತದೆ. ಇಪ್ಪತ್ತೈದು ವರ್ಷ ಕ್ಷೀಣಿಸಿದ ಮೇಲೂ ಅದು ಒಬ್ಬ ಕಾರ್ಮಿಕನ ಜೀವ ತೆಗೆಯಿತು. ಇನ್ನೂ ಹಲವರನ್ನು ಆಸ್ಪತ್ರೆಗೆ ಸೇರಿಸಿತು. ಅಪಾಯ ಬಯಲಾದದ್ದು ಯಾವ ಸರಕಾರಿ ಉಪಕರಣದಿಂದಲೂ ಅಲ್ಲ. ಚರ್ಮ ಕಪ್ಪಾಗಿ ಕೂದಲು ಉದುರಿ ಬಂದ ರೋಗಿಯನ್ನು ಕಂಡ ಆಸ್ಪತ್ರೆಯವರು ಪರಮಾಣು ಶಕ್ತಿ ನಿಯಂತ್ರಣ ಮಂಡಳಿಗೆ ಸುದ್ದಿ ಮುಟ್ಟಿಸಿದಾಗ.

ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರವು ವಿಕಿರಣ ತುರ್ತು ಪರಿಸ್ಥಿತಿಗಾಗಿ ಮಾರ್ಗಸೂಚಿ ಹೊರಡಿಸಿದ್ದು 2009ರಲ್ಲಿ. ಮಾಯಾಪುರಿ ನಡೆದದ್ದು ಅದರ ಮರುವರ್ಷ. ದೆಹಲಿಯ ಕಚೇರಿಯಿಂದ ದೆಹಲಿಯದೇ ಗುಜರಿ ಬೀದಿಗೆ ತಲುಪದ ಕಾಗದ ನಮ್ಮ ಊರಿನ ಬೀದಿಗೆ ತಲುಪಿದೆಯೆಂದು ಹೇಗೆ ನಂಬುವುದು?

ಇದಕ್ಕೂ ಮೊದಲು, 1987ರ ಸೆಪ್ಟೆಂಬರಿನಲ್ಲಿ, ಬ್ರೆಜಿಲ್‌ನ ಗೋಯಾನಿಯಾದಲ್ಲಿ ಇದೇ ಕತೆ ನಡೆದಿತ್ತು. ಮುಚ್ಚಿದ ಕ್ಯಾನ್ಸರ್ ಚಿಕಿತ್ಸಾಲಯದಲ್ಲಿ ಬಿಟ್ಟುಹೋದ ಯಂತ್ರದ ಭಾಗ ಗುಜರಿಗೆ ಬಂತು. ಅದರೊಳಗಿನ ಸೀಸಿಯಂ-137 ಪುಡಿ ಕತ್ತಲಲ್ಲಿ ನೀಲಿಯಾಗಿ ಹೊಳೆಯಿತು. ಜನ ಅದನ್ನು ಹಂಚಿಕೊಂಡರು, ಮೈಗೆ ಹಚ್ಚಿಕೊಂಡರು. ವಾಂತಿ ಶುರುವಾದಾಗ ವೈದ್ಯರು ಅಲರ್ಜಿ ಎಂದರು, ಊಟದ ದೋಷವೆಂದರು. ಕೊನೆಗೆ ಅನುಮಾನಪಟ್ಟವಳು ಗುಜರಿ ಅಂಗಡಿಯವನ ಹೆಂಡತಿ. ಆ ವಸ್ತುವನ್ನು ಚೀಲದಲ್ಲಿ ಹಾಕಿಸಿಕೊಂಡು ಬಸ್ಸಿನಲ್ಲಿ ಆರೋಗ್ಯ ಕಚೇರಿಗೆ ಒಯ್ದಳು. ಒಂದು ಲಕ್ಷಕ್ಕೂ ಹೆಚ್ಚು ಜನರನ್ನು ತಪಾಸಣೆ ಮಾಡಬೇಕಾಯಿತು, 249 ಮಂದಿಗೆ ಸೋಂಕು ತಗಲಿತ್ತು, ನಾಲ್ವರು ಸತ್ತರು. ಸತ್ತವರಲ್ಲಿ ಅವಳೂ ಒಬ್ಬಳು, ಆರು ವರ್ಷದ ಬಾಲೆಯೂ ಒಬ್ಬಳು. ಆ ಮಗುವಿನ ಶವ ಹೂಳುವಾಗ ಜನ ಕಲ್ಲೆಸೆದರು. ಅಯ್ಯೋ ಎನ್ನುವ ಮೊದಲು, 2020ರಲ್ಲಿ ಕೋವಿಡ್‌ನಿಂದ ಸತ್ತವರಿಗೆ ಮಣ್ಣು ಕೊಡಲು ಅಡ್ಡಬಂದ ಊರುಗಳನ್ನು ನೆನೆದುಕೊಳ್ಳೋಣ. ಅಜ್ಞಾನ ಯಾವ ಒಂದು ದೇಶದ ಸೊತ್ತೂ ಅಲ್ಲ.

ವಿಕಿರಣ ವಿಜ್ಞಾನಿಗಳ ವಿಷಯ, ನಮಗೇಕೆ ಎಂದು ಆರೋಗ್ಯ ಇಲಾಖೆ ಕೈತೊಳೆದುಕೊಳ್ಳಲಾಗದು. ವಿಜ್ಞಾನಿ ಮೀಟರು ಹಿಡಿದು ಬರುವ ಹೊತ್ತಿಗೆ ರೋಗಿ ಎರಡು ಮೂರು ವೈದ್ಯರ ಬಳಿ ಹೋಗಿ ಬಂದಿರುತ್ತಾನೆ.

ಸ್ಥಾವರದ ನೆರೆಯವರ ಕತೆಯೂ ಬೇರೆಯಲ್ಲ. 1986ರಲ್ಲಿ ಚೆರ್ನೋಬಿಲ್ ಸಿಡಿದಾಗ ಪೋಲೆಂಡ್ ಒಂದು ಕೋಟಿಗೂ ಹೆಚ್ಚು ಮಕ್ಕಳಿಗೆ ಅಯೋಡಿನ್ ಕುಡಿಸಿತು. ಸೋವಿಯತ್ ಆಡಳಿತ ಮೊದಲ ದಿನಗಳಲ್ಲಿ ಸತ್ಯ ಮುಚ್ಚಿಟ್ಟಿತು. ವಿಷ ಬೆರೆತ ಹಾಲು ಕುಡಿದ ಸಾವಿರಾರು ಮಕ್ಕಳಿಗೆ ಮುಂದೆ ಥೈರಾಯ್ಡ್ ಕ್ಯಾನ್ಸರ್ ಬಂತು. 2011ರಲ್ಲಿ ಫುಕುಶಿಮಾದ ಆಸ್ಪತ್ರೆಗಳಿಂದ ವೃದ್ಧ ರೋಗಿಗಳನ್ನು ಸಿದ್ಧತೆಯಿಲ್ಲದೆ ಸಾಗಿಸಿದರು. ವಿಕಿರಣ ಮುಟ್ಟುವ ಮೊದಲೇ ಆ ಪ್ರಯಾಣ ಎಷ್ಟೋ ಜನರನ್ನು ಕೊಂದಿತು.

ನಮ್ಮ ಕೈಗಾದಲ್ಲೂ 2009ರ ನವೆಂಬರಿನಲ್ಲಿ ಕುಡಿಯುವ ನೀರಿಗೆ ಟ್ರಿಟಿಯಂ ಬೆರೆತು ಐವತ್ತಕ್ಕೂ ಹೆಚ್ಚು ಕೆಲಸಗಾರರ ಮೂತ್ರದಲ್ಲಿ ಅದು ಕಂಡುಬಂತು. ಕಾಳಿ ನದಿಯ ದಡದ ತಾಯಂದಿರಿಗೆ ಅಯೋಡಿನ್ ಮಾತ್ರೆ ಎಲ್ಲಿ ಸಿಗುತ್ತದೆ, ಯಾವಾಗ ನುಂಗಬೇಕು, ಅದು ವಿಕಿರಣಶೀಲ ಅಯೋಡಿನ್ನಿಗಲ್ಲದೆ ಬೇರೆ ವಿಷಕ್ಕೆ ಮದ್ದಲ್ಲ ಎಂಬುದನ್ನು ಹೇಳಬೇಕಾದವರು ಯಾರು? ಸೈರನ್ ಕೂಗಿದ ಮೇಲೆ ಪಾಠ ಹೇಳಲಾಗುವುದಿಲ್ಲ.

'ಹಾವು ಕಚ್ಚಿದರೆ ಔಷಧವಿಲ್ಲದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಇದೆಲ್ಲ ಸಾಧ್ಯವೇ?' ಎಂದು ಕೇಳುವವರಿದ್ದಾರೆ. ನಾನು ಕೇಳುತ್ತಿರುವುದು ಕೋಟಿಗಳ ಕಟ್ಟಡವನ್ನಲ್ಲ. ಬೆಂಕಿ ತಗಲದೆ ಸುಟ್ಟಗಾಯ, ಕಾರಣ ತಿಳಿಯದ ವಾಂತಿ, ಉದುರುವ ಕೂದಲು ಕಂಡರೆ 'ನೀನು ಏನು ಕೆಲಸ ಮಾಡುತ್ತೀಯಪ್ಪಾ?' ಎಂದು ಕೇಳುವ ವೈದ್ಯ ಬೇಕು. ರಕ್ತದ ಬಿಳಿಕಣಗಳ ಎಣಿಕೆ ಕುಸಿಯುತ್ತಿದೆಯೇ ಎಂದು ನೋಡುವುದು ತಾಲೂಕು ಆಸ್ಪತ್ರೆಗೂ ಸಾಧ್ಯ. ಮೈಮೇಲಿನ ಬಟ್ಟೆ ತೆಗೆದರೇ ಹೆಚ್ಚಿನ ವಿಕಿರಣ ಧೂಳು ಹೋಗುತ್ತದೆಂದು, ಜೀವ ಉಳಿಸುವ ಚಿಕಿತ್ಸೆಯನ್ನು ಮೀಟರಿಗಾಗಿ ತಡೆಯಬಾರದೆಂದು ನರ್ಸಿಗೆ ಕಲಿಸಲು ಒಂದು ದಿನ ಸಾಕು. ಜಿಲ್ಲಾಸ್ಪತ್ರೆಗೊಂದು ಮೀಟರು, ಗೋಡೆಯ ಮೇಲೆ ಕರೆಮಾಡಬೇಕಾದ ಒಂದು ನಂಬರು ಇರಲಿ.

ಮೂರೆಸಳಿನ ವಿಕಿರಣ ಚಿಹ್ನೆ ಜನಸಾಮಾನ್ಯರಿಗೆ ಅರ್ಥವಾಗುವುದಿಲ್ಲವೆಂದೇ 2007ರಲ್ಲಿ ತಲೆಬುರುಡೆಯೂ ಓಡುವ ಮನುಷ್ಯನೂ ಇರುವ ಹೊಸ ಕೆಂಪು ಚಿಹ್ನೆಯನ್ನು ಅಂತಾರಾಷ್ಟ್ರೀಯ ಪರಮಾಣು ಶಕ್ತಿ ಸಂಸ್ಥೆ ತಂದಿತು. ಅದನ್ನು ಗುಜರಿ ಬೀದಿಗಳಲ್ಲಿ ಅಂಟಿಸಿ, ಕನ್ನಡದಲ್ಲೂ ಉರ್ದುವಿನಲ್ಲೂ ಬರೆಯಿರಿ. ಜುಮಾ ನಮಾಜಿನ ನಂತರ, ಜಾತ್ರೆಯಲ್ಲಿ, ಸಂತೆಯಲ್ಲಿ ಹೇಳಿ.

ಹೇಳಿದರೆ ಜನ ಹೆದರುತ್ತಾರೆಂಬುದು ಆಳುವವರ ಹಳೆಯ ನೆಪ. ತಿಳಿದವನ ಹೆದರಿಕೆ ಅವನನ್ನು ಕಾಪಾಡುತ್ತದೆ. ನಮ್ಮ ಬೀದಿಯ ಆ ಹುಡುಗರು ನಾಳೆಯೂ ಸುತ್ತಿಗೆ ಎತ್ತುತ್ತಾರೆ. ಎತ್ತುವ ಮೊದಲು ಅವರಿಗೆ ಯಾರಾದರೂ ಹೇಳಲೇಬೇಕು.